ಚಾರ್ಜರ್ ವಿಷಯ ಮೊದಲು ಬರೆದುಕೊಳ್ಳಿ

ಮೆಮೊರಿ ಕಾರ್ಡು ಸತ್ತಿದ್ದು, ಇನ್ನು ಎಸ್‌ಎಸ್‌ಡಿಯೇ ಗತಿ ಎಂದು ತೀರ್ಮಾನವಾಗಿದ್ದು, ಅದನ್ನು ನೀಲಿ ಪೋರ್ಟಿಗೆ ಚುಚ್ಚಿ ಕಾಮನಬಿಲ್ಲಿನ ಪರದೆ ನೋಡುತ್ತ ಕೂತಿದ್ದು, ಈ ಪುರಾಣ ಓದುಗರಿಗೆಲ್ಲ ಬಾಯಿಪಾಠ. ಮತ್ತೆ ಪಾರಾಯಣ ಬೇಡ. ನೇರವಾಗಿ ಆರೋಪಿಯನ್ನೇ ಮಾತಾಡಿಸೋಣ. ಹೆಸರು ರಾಸ್‌ಬೆರಿ ಪೈ 4 (ಮಂಗಳೂರಿನ ಪೈಗಳಿಗೂ ಇವರಿಗೂ ನೆಂಟಸ್ತಿಕೆ ಇಲ್ಲ). ಕಸುಬು ಪುಟ್ಟ ಕಂಪ್ಯೂಟರಿನದು, ಮನೆತನ ಕೇಂಬ್ರಿಜ್‌ನದು, ಜನನ 2019ರ ಜೂನ್. ಸದ್ಯದ ವಾಸ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಪ್ಲಾಸ್ಟಿಕ್ ಪೆಟ್ಟಿಗೆ.

ನಾನು: ನಮಸ್ಕಾರ. ಎಸ್‌ಎಸ್‌ಡಿಯಿಂದ ಯಾಕೆ ಏಳುವುದಿಲ್ಲ ನೀವು?

ಪೈ: ಮೊದಲು ಇದು ಹೇಳಿ, ಚಾರ್ಜರ್ ಯಾವುದು ಹಾಕಿದ್ದೀರಿ?

ನಾನು: ಫೋನಿನದು. 65 ವ್ಯಾಟ್.

ಪೈ: ನೋಡಿದ್ರಾ! 65 ವ್ಯಾಟು ನನಗ್ಯಾಕೆ ಸ್ವಾಮಿ? ಅದು ಫೋನಿನ ಜೊತೆ ಗುಟ್ಟಾಗಿ ಮಾತಾಡ್ಕೊಂಡು 9 ವೋಲ್ಟಿಗೋ 20 ವೋಲ್ಟಿಗೋ ಏರುತ್ತೆ. ನನಗೆ ಆ ಮಾತುಕತೆ ಬರಲ್ಲ. ನನಗೆ ಬೇಕಾದ್ದು 5.1 ವೋಲ್ಟು, 3 ಆಂಪಿಯರ್. 5 ವೋಲ್ಟಲ್ಲೇ ಇರಪ್ಪಾ ಅಂದ್ರೆ ಎಷ್ಟೋ ಚಾರ್ಜರುಗಳಿಗೆ 2 ಆಂಪಿಯರಿಗೇ ಏದುಸಿರು.

ನಾನು: ಆ 65 ಎಂಬುದನ್ನು ಹೆಬ್ಬೆರಳಷ್ಟು ದಪ್ಪಗೆ ಅಚ್ಚು ಹಾಕಿರುತ್ತಾರೆ. 5 ವೋಲ್ಟಿಗೆ ಎಷ್ಟು ಆಂಪಿಯರ್ ಎಂಬ ಸಾಲು ಮಾತ್ರ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ತಿಳಿಬೂದು ಬಣ್ಣದಲ್ಲಿ, ಕಿಟಕಿ ಹತ್ತಿರ ಹಿಡಿದು ಓರೆ ಮಾಡಿದರೆ ಕಾಣುವಷ್ಟು. ಲೇಬಲ್ಲಿನ ಈ ಕುತಂತ್ರದ ಬಗ್ಗೆ ನಿಮ್ಮ ಅಭಿಪ್ರಾಯ?

ಪೈ: ನಾನು ಚಾರ್ಜರ್ ಬಗ್ಗೆ ಹೇಳ್ತಿದ್ದೆ. ಅದರ ಜೊತೆಗೊಂದು ಬಡಕಲು ಕೇಬಲ್ಲು. ಬರೋ ವೋಲ್ಟಿನಲ್ಲಿ ಒಂದಿಷ್ಟನ್ನ ದಾರೀಲೇ ತಿಂದುಹಾಕುತ್ತೆ. 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೇಲಿ ಹಳದಿ ಮಿಂಚು ತೋರಿಸ್ತೀನಿ. ಜನ ಅದನ್ನ ಅಲಂಕಾರ ಅಂದ್ಕೋತಾರೆ. ನಂಬಿಕೆ ಇಲ್ಲದಿದ್ದರೆ ಟರ್ಮಿನಲ್ ತೆರೆದು ‘ಗೆಟ್ ಥ್ರಾಟಲ್ಡ್’ ಕೊಟ್ಟು ಕೇಳಿ. ಸೊನ್ನೆ ಬಂದರೆ ಊಟ ಆಗಿದೆ. 50005 ಬಂದರೆ ಈಗಲೂ ಉಪವಾಸ. 50000 ಬಂದರೆ ನೀವು ಆ ಕಡೆ ತಿರುಗಿದ್ದಾಗ ಉಪವಾಸ ಬಿದ್ದಿದ್ದೆ ಅಂತ. ಇಂಥ ಸ್ಥಿತೀಲಿ ಎಸ್‌ಎಸ್‌ಡಿಯನ್ನ ಸಾಕು ಅಂತೀರಿ. ನನ್ನ ನಾಲ್ಕು ಯುಎಸ್‌ಬಿ ಪೋರ್ಟಿಗೂ ಸೇರಿ 1.2 ಆಂಪಿಯರ್ ಮಿತಿ. ಕೆಲವು ಎಸ್‌ಎಸ್‌ಡಿ ಮಹಾರಾಜರು ಬರೆಯೋಕೆ ಕೂತರೆ ಒಬ್ಬರೇ ಒಂದು ಆಂಪಿಯರ್ ಎಳೀತಾರೆ.

ನಾನು: ಚಾರ್ಜರಿಗೆ ಇಷ್ಟು ಬೈಯುತ್ತೀರಿ. ನಿಮ್ಮದೇ ಮೊದಲ ಕಂತಿನ ಟೈಪ್-ಸಿ ಸಾಕೆಟ್ಟಿನಲ್ಲಿ ಎರಡು ರೆಸಿಸ್ಟರ್ ಇರಬೇಕಾದಲ್ಲಿ ಒಂದನ್ನೇ ಎರಡು ಪಿನ್ನಿಗೂ ಹಂಚಿದ್ದರು. ದುಬಾರಿ ಕೇಬಲ್ ಹಾಕಿದವರಿಗೆ, ಚಾರ್ಜರು ನಿಮ್ಮನ್ನು ಹೆಡ್‌ಫೋನಿನ ಸಂತತಿ ಎಂದು ತಿಳಿದು, ಕರೆಂಟೇ ಕೊಡುತ್ತಿರಲಿಲ್ಲ.

ಪೈ: ಮುಂದಿನ ಪ್ರಶ್ನೆ.

ನಾನು: ಯುಎಸ್‌ಬಿಯಿಂದ ಏಳುವ ವಿದ್ಯೆ ನಿಮ್ಮ ಅಣ್ಣ ಪೈ 3ಕ್ಕೆ ಇತ್ತು. ನಿಮಗೆ ಹುಟ್ಟಿದಾಗ ಇರಲಿಲ್ಲ. 2020ರಲ್ಲಿ ಬೂಟ್‌ಲೋಡರ್ ಅಪ್‌ಡೇಟ್ ಬರುವ ತನಕ ಜನ ಕಾಯಬೇಕಾಯಿತು.

ಪೈ: ಆಗ ನಾನಿನ್ನೂ ಕೂಸು. ಚಾರ್ಜರ್ ವಿಷಯ ಬರೆದುಕೊಂಡ್ರಾ?

ನಾನು: ಬರೆದುಕೊಂಡೆ. ಈ ಬೂಟ್ ಆರ್ಡರ್ ಎಫ್41 ಎಂದರೇನು?

ಪೈ: ಏಳೋಕೆ ಯಾರನ್ನ ಮೊದಲು ಹುಡುಕಬೇಕು ಅನ್ನೋ ಸರದಿ. ಬಲದಿಂದ ಎಡಕ್ಕೆ ಓದಿ. 1 ಅಂದ್ರೆ ಕಾರ್ಡು, 4 ಅಂದ್ರೆ ಯುಎಸ್‌ಬಿ, ಎಫ್ ಅಂದ್ರೆ ಮತ್ತೆ ಮೊದಲಿಂದ. ಯಾರಾದರೂ ಸಿಗೋವರೆಗೂ ಸುತ್ತುತ್ತಾ ಇರ್ತೀನಿ. ಎಸ್‌ಎಸ್‌ಡಿ ಮೊದಲು ಬೇಕಾದ್ರೆ ಎಫ್14 ಅಂತ ಬದಲಾಯಿಸಿ.

ನಾನು: ಇದನ್ನು ಡಬ್ಬಿಯ ಮೇಲೆ ಯಾಕೆ ಬರೆಯುವುದಿಲ್ಲ?

ಪೈ: ಯಾವ ಡಬ್ಬಿ?

ನಾನು: ಡಬ್ಬಿ ಸ್ವಾಮಿ, ಡಬ್ಬಿ! ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ನೋಡಿ. ಹಿಟ್ಟು ಯಾವುದು, ಎಣ್ಣೆ ಯಾವುದು, ತಯಾರಾದದ್ದು ಯಾವ ತಿಂಗಳು, ಗರಿಷ್ಠ ಬೆಲೆ ಎಷ್ಟು, ದೂರಿದ್ದರೆ ಯಾರಿಗೆ ಹೇಳಬೇಕು, ಎಲ್ಲ ಇದೆ. ಪೊಟ್ಟಣದ ಸರಕಿಗೆಂದೇ 2011ರ ನಿಯಮಾವಳಿ ಇದೆ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಬೇರೆ.

ಪೈ: ನನಗೂ ಹಸಿರು ದೀಪ ಇದೆ. ನಾಲ್ಕು ಸಲ ಮಿಣುಕಿದರೆ ಏಳೋಕೆ ಬೇಕಾದ ಸ್ಟಾರ್ಟ್ ಕಡತ ಸಿಕ್ಕಿಲ್ಲ ಅಂತ, ಏಳು ಸಲ ಮಿಣುಕಿದರೆ ಕರ್ನಲ್ ಸಿಕ್ಕಿಲ್ಲ ಅಂತ. ಎಣಿಸೋರು ಯಾರು? ‘ದೀಪ ಉರೀತಿದೆ, ಎಲ್ಲ ಸರಿ ಇದೆ’ ಅಂದ್ಕೊಂಡು ಕಾಫಿಗೆ ಹೋಗ್ತಾರೆ.

ನಾನು: ಆ ಅರ್ಥವೂ ಡಬ್ಬಿಯ ಮೇಲಿರಬೇಕಿತ್ತು. ಇರಲಿ. ಕಾರ್ಡನ್ನು ಹಾಗೇ ಎಸ್‌ಎಸ್‌ಡಿಗೆ ನಕಲು ಮಾಡಿ ಎರಡನ್ನೂ ಚುಚ್ಚಿಟ್ಟರೆ?

ಪೈ: ಇಬ್ಬರಿಗೂ ಒಂದೇ ಪಾರ್ಟ್‌ಯುಯುಐಡಿ. ಅಂದ್ರೆ ಒಂದೇ ಗುರುತಿನ ಚೀಟಿ. ಯಾರು ಮೊದಲು ಸಿಕ್ಕರೆ ಅವರೇ ಯಜಮಾನರು. ಎಸ್‌ಎಸ್‌ಡಿ ಮೇಲೆ ಓಡ್ತಿದೆ ಅಂತ ನೀವು ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರಿ, ನಾನು ಹಳೇ ಕಾರ್ಡಲ್ಲೇ ಓಡ್ತಿರ್ತೀನಿ. ಕಾರ್ಡು ಕಿತ್ತಿಡಿ, ಅಷ್ಟೆ. ಈಗ ಆ ಚಾರ್ಜರಿನ...

ನಾನು: ಒಳ್ಳೇ ಚಾರ್ಜರ್ ತಂದು, ಮಿಂಚೂ ಹೋಗಿ, ಸೊನ್ನೆಯೂ ಬಂದು, ಆಮೇಲೂ ಏಳದವರ ಪಾಡೇನು?

(ಪೈ ಸ್ವಲ್ಪ ಹೊತ್ತು ಮಾತಾಡುವುದಿಲ್ಲ.)

ಪೈ: ನಡುವೆ ಒಬ್ಬ ಇದ್ದಾನಲ್ಲ. ಸಾಟಾ ಡಿಸ್ಕನ್ನ ಯುಎಸ್‌ಬಿಗೆ ಜೋಡಿಸೋ ಅಡಾಪ್ಟರು. ಅವನ ಹೊಟ್ಟೇಲಿ ಒಂದು ಚಿಪ್ ಇದೆ. ಯುಎಎಸ್ ಅನ್ನೋ ವೇಗದ ಭಾಷೆ ಬರುತ್ತೆ ಅಂತ ಹೇಳ್ಕೊಂಡೇ ಒಳಗೆ ಬರ್ತಾನೆ. ನಾನು ನಂಬಿ ಮಾತು ಶುರು ಮಾಡಿದರೆ ಅರ್ಧಕ್ಕೇ ಬಾಯಿ ಬೀಗ. ನಾನು ಕಾಯ್ತೀನಿ, ರೀಸೆಟ್ ಮಾಡ್ತೀನಿ, ಮತ್ತೆ ಕಾಯ್ತೀನಿ. ನಿಮಗೆ ಕಾಣೋದು ಕಪ್ಪು ಪರದೆ.

ನಾನು: ಪರಿಹಾರ?

ಪೈ: ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟರೆ ಅವನ ಎಂಟು ಅಂಕಿಯ ಜಾತಕ ಬರುತ್ತೆ. ಅದನ್ನ ‘ಸಿಎಂಡಿಲೈನ್’ ಕಡತದಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್ ಅಂತ ಸೇರಿಸಿ, ಕೊನೇಲಿ ಒಂದು ‘ಯು’ ಹಾಕಿ. ಎಲ್ಲ ಒಂದೇ ಸಾಲಲ್ಲಿರಬೇಕು, ಎಂಟರ್ ಒತ್ತಿದರೆ ಕೆಟ್ಟಿತು. ಆ ‘ಯು’ಗೆ ಅರ್ಥ, ಇವನ ಹತ್ತಿರ ಯುಎಎಸ್ ಮಾತಾಡಬೇಡ ಅಂತ. ಆಗ ಏಳ್ತೀನಿ. ವೇಗ ಮಾತ್ರ ಇಳಿಯುತ್ತೆ.

ನಾನು: ಅಂದರೆ ದುಡ್ಡು ಕೊಟ್ಟು ತಂದ ವೇಗವನ್ನು ಕೈಯಾರೆ ತೆಗೆದುಹಾಕಬೇಕು. ಅದರ ಬದಲು, ಬಳಸಿದವರು ಚೆನ್ನಾಗಿದೆ ಎಂದ ಅಡಾಪ್ಟರನ್ನೇ ಕೊಂಡರೆ?

ಪೈ: ಕೊಳ್ಳಿ. ಅದೇ ಹೆಸರು, ಅದೇ ಮಾಡೆಲ್ ನಂಬರು, ಅದೇ ಡಬ್ಬಿ. ಹೋದ ವರ್ಷ ಒಳಗೆ ಒಂದು ಚಿಪ್ಪು, ಈ ವರ್ಷ ಇನ್ನೊಂದು. ಯಾವುದು ಅಗ್ಗಕ್ಕೆ ಸಿಕ್ಕಿತೋ ಅದು.

ಇಲ್ಲಿ ತಮಾಷೆ ಸಾಕು. ಮಕ್ಕಳು ಕಂಪ್ಯೂಟರಿಗೆ ಹೆದರದೆ ಅದನ್ನು ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿಯಲಿ ಎಂದು 2012ರಲ್ಲಿ 35 ಡಾಲರಿಗೆ ಮಾರಾಟಕ್ಕಿಟ್ಟ ಬೋರ್ಡಿನ ವಂಶ ಇದು. ಅದನ್ನು ನಂಬಿ ತಾಲ್ಲೂಕು ಊರಿನ ಪಾಲಿಟೆಕ್ನಿಕ್ ಹುಡುಗಿಯೊಬ್ಬಳು ಹಾಸ್ಟೆಲ್ ಖರ್ಚಿನಲ್ಲಿ ಉಳಿಸಿ ಅಡಾಪ್ಟರು ತರಿಸುತ್ತಾಳೆ ಎನ್ನಿ. ಏಳುವುದಿಲ್ಲ. ಚುಚ್ಚಿದರೆ ಸಾಕು, ನಡೆಯುತ್ತದೆ ಎಂದು ಡಬ್ಬಿ ಹೇಳುತ್ತದೆ. ಹಾಗಾದರೆ ತಪ್ಪು ತನ್ನದೇ ಇರಬೇಕು ಎಂದುಕೊಳ್ಳುತ್ತಾಳೆ. ಕಾರ್ಡಿಗೆ ಮತ್ತೆ ಓಎಸ್ ಬರೆಯುತ್ತಾಳೆ, ಬೂಟ್‌ಲೋಡರ್ ಬದಲಿಸುತ್ತಾಳೆ, ರಾತ್ರಿಗಳನ್ನು ಕಳೆಯುತ್ತಾಳೆ. ಲ್ಯಾಪ್‌ಟಾಪಿಗೆ ಹಾಕಿದರೆ ನಡೆಯುತ್ತಲ್ಲ ಎಂದು ಮಾರಿದವನು ಕೈ ತೊಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ವಾಪಸು ಕೊಡುವ ಗಡುವೂ ಮುಗಿದಿರುತ್ತದೆ. ಹೊರಗಿನ ಹೆಸರು ಉಳಿಸಿಕೊಂಡು ಒಳಗಿನ ಚಿಪ್ ಬದಲಿಸುವುದನ್ನು ವ್ಯಾಪಾರದ ಜಾಣತನ ಎನ್ನಲು ನನ್ನಿಂದ ಆಗದು. ಅದು ವಂಚನೆ. ಹಣ ಹೋದದ್ದು ಒಂದು ಕಡೆ, ‘ನನಗೆ ಇದೆಲ್ಲ ಬರುವುದಿಲ್ಲ’ ಎಂದು ಆ ಹುಡುಗಿ ಬೋರ್ಡನ್ನು ಕಪಾಟಿಗೆ ತಳ್ಳಿದಳಲ್ಲ, ಅದಕ್ಕೆ ಯಾವ ವಾರಂಟಿಯೂ ಇಲ್ಲ.

ಪೈ: ನೀವು ಸಿಟ್ಟಾದ್ರಿ.

ನಾನು: ಆದೆ. ಕೊನೆಯ ಪ್ರಶ್ನೆ. ನಿಮ್ಮ ತಮ್ಮ ಪೈ 5 ಬಂದಿದ್ದಾನೆ. ಪಿಸಿಐಇ ಇದೆ, ಎನ್‌ವಿಎಂಇ ಡಿಸ್ಕನ್ನು ಅದರ ಮೂಲಕ ಹಾಕಬಹುದು, ನಡುವೆ ಯುಎಸ್‌ಬಿ ಅಡಾಪ್ಟರೇ ಬೇಡ. ಈ ಗೋಳು ಮುಗಿಯಿತಲ್ಲವೇ?

ಪೈ: ಅವನಿಗೆ 5 ವೋಲ್ಟಲ್ಲಿ 5 ಆಂಪಿಯರ್ ಬೇಕು ಸ್ವಾಮಿ! 3 ಆಂಪಿಯರಿನ ಚಾರ್ಜರ್ ಹಾಕಿದರೆ ಯುಎಸ್‌ಬಿಗೆಲ್ಲ ಸೇರಿ ಬರೀ 600 ಮಿಲಿಆಂಪಿಯರ್ ಬಿಡ್ತಾನೆ. ಅಂಗಡೀಲಿ ಹೋಗಿ 5 ವೋಲ್ಟು 5 ಆಂಪಿಯರ್ ಕೊಡಿ ಅನ್ನಿ, ಏನು ಕೊಡ್ತಾರೆ ಗೊತ್ತಾ? 65 ವ್ಯಾಟಿನ...

ಸಂದರ್ಶನ ಇಲ್ಲಿಗೆ ಮುಗಿಸಿದ್ದೇನೆ. ಅಡಾಪ್ಟರ್ ಕೊಳ್ಳಲು ಹೊರಟ ಓದುಗರಲ್ಲಿ ಒಂದೇ ಮನವಿ: ಹಣ ಕೊಡುವ ಮೊದಲು ಒಳಗಿನ ಚಿಪ್ ಯಾವುದೆಂದು ಕೇಳಿ. ಹೇಳಿದರೆ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗೊತ್ತಿಲ್ಲ ಎಂದರೆ ಪಕ್ಕದ ಅಂಗಡಿಗೆ ನಡೆಯಿರಿ.