ಎರಡು ಎಂಜಿನ್, ಒಂದು ಜೊತೆ ಚಪ್ಪಲಿ

ಗೊತ್ತಿಲ್ಲದೆ ಪೇಚಿಗೆ ಸಿಕ್ಕವರಿಗೆ ಮಾಫಿ ಉಂಟು. ನಾನು ಎಲ್ಲ ಓದಿಕೊಂಡು ಹೋಗಿ ಸಿಕ್ಕಿಬಿದ್ದವನು.

ಮಗ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಟಿಕೆಟ್ ಮಾಡಿಸಿ, "ಬೋಯಿಂಗ್ 777 ಅಪ್ಪ, ಆರಾಮಾಗಿ ಬನ್ನಿ" ಅಂದದ್ದೇ ತಡ, ಮುತ್ತಿನಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪ್ರವಚನ ಶುರು. 1995ರಿಂದ ಜನರನ್ನು ಹೊರುತ್ತಿರುವ ವಂಶ ಅದು. ನನ್ನದು ಅದರಲ್ಲಿ 200-ಎಲ್‌ಆರ್ ಎಂಬ ದೂರದೋಟದ ಕುಡಿ; 2005ರಲ್ಲಿ ಹಾಂಕಾಂಗ್‌ನಿಂದ ಲಂಡನ್ನಿಗೆ ಸುತ್ತುದಾರಿ ಹಿಡಿದು, ಎಲ್ಲೂ ಇಳಿಯದೆ 21,602 ಕಿ.ಮೀ. ಹಾರಿತ್ತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಾತಿ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿಳಿಸಿದ್ದೂ ಇದನ್ನೇ. "ರೆಕ್ಕೆ ತುದಿಯಿಂದ ತುದಿಗೆ 64.8 ಮೀಟರ್. ಒಂಬತ್ತಡಿಗೊಂದು ಸಾಲು ಅಂದ್ರೂ 24 ಸಾಲು ಅಡಿಕೆ ಅದರ ಅಡಿಗೆ ಹೋಯ್ತು ಮಾರಾಯ್ರೆ!" ಟೀ ಕುಡಿಯುತ್ತಿದ್ದವರು "ಹೌದಾ!" ಅಂದರು. ನನ್ನಂಥವನಿಗೆ ಅಷ್ಟು ಸಾಕು.

ಮೊದಲ ಎಡವಟ್ಟು ವಿಮಾನ ಕಾಣುವ ಮೊದಲೇ. ಎಲೆಅಡಿಕೆ ಸಂಚಿಯಲ್ಲಿ ಅಜ್ಜನ ಕಾಲದ ಅಡಕತ್ತರಿ ಇತ್ತು. ತಪಾಸಣೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ "ಇದೇನು?" ಎಂದರು. ಆಯುಧವಲ್ಲ ಎಂದು ತಿಳಿಸುವ ಉತ್ಸಾಹದಲ್ಲಿ, ಹೀಗಿಟ್ಟು ಹೀಗೆ ಒತ್ತಿದರೆ ಎಂಥ ಗಟ್ಟಿ ಗೋಟೂ ಎರಡು ಹೋಳು ಎಂದು ಅಭಿನಯಿಸಿ ತೋರಿಸಿದೆ. ಟಕ್ ಎಂಬ ಸದ್ದನ್ನೂ ಬಾಯಲ್ಲೇ ಹೊರಡಿಸಿದೆ. ಅಡಕತ್ತರಿ ಅಲ್ಲೇ ಉಳಿಯಿತು.

ಸೀಟು ಎಡಗಡೆಯ ಕಿಟಕಿಗೆ. ಹೊರಗೆ ಎಂಜಿನ್! ಪಕ್ಕದ ಯುವಕನಿಗೆ ಅದರ ಫ್ಯಾನು 128 ಇಂಚು, ಒಳಗೆ ನಿಂತರೂ ತಲೆ ತಾಗದು ಎಂದು ಹತ್ತು ನಿಮಿಷ ವಿವರಿಸಿದೆ. ಆತ ಕಿವಿಯಿಂದ ಹೆಡ್‌ಫೋನ್ ತೆಗೆದು "ಏನಾದ್ರೂ ಹೇಳಿದ್ರಾ ಅಂಕಲ್?" ಎಂದ. ಬೆಲ್ಟು ಬಿಚ್ಚಲು ಬಾರದೆ, ಅದರ ಅಡಿಯಿಂದ ಜಾರಿ ಹೊರಬರಲು ನೋಡಿ ಸೊಂಟದ ಹತ್ತಿರ ಸಿಕ್ಕಿಕೊಂಡಾಗ, ಪಾಪ, ಒಂದೇ ಬೆರಳಲ್ಲಿ ಬಿಚ್ಚಿಕೊಟ್ಟವನೂ ಅವನೇ.

ಇನ್ನು ಶೌಚಾಲಯ. ಅಲ್ಲಿ ನೀರು ಸುರಿಯುವುದಿಲ್ಲ, ಒಳಗಿನ ಹೊರಗಿನ ಗಾಳಿಯ ಒತ್ತಡದ ವ್ಯತ್ಯಾಸವೇ ಎಲ್ಲವನ್ನೂ ಎಳೆದುಕೊಳ್ಳುತ್ತದೆ ಎಂದು ಓದಿದ್ದೆ. ಓದಿದ್ದು ಬೇರೆ, ಆ ಗರ್ಜನೆ ಬೇರೆ! ಪಂಚೆಯನ್ನು ಎರಡೂ ಕೈಯಲ್ಲಿ ಮುದ್ದೆಮಾಡಿ ಹಿಡಿದು ಗೋಡೆಗೆ ಒತ್ತಿಕೊಂಡೆ. ಮೊಣಕೈ ಯಾವುದೋ ಗುಂಡಿಗೆ ತಾಗಿತು. ಕೂಡಲೇ ಗಗನಸಖಿ ಬಾಗಿಲು ತಟ್ಟಿ "ಸರ್, ಸಹಾಯ ಬೇಕಾ?" ಎಂದರು. "ಎಂತದೂ ಇಲ್ಲಮ್ಮ, ಪಂಚೆ ಉಳೀತು" ಎಂದುಬಿಟ್ಟೆ. ಇಂಥ ಹೊತ್ತಲ್ಲಿ ಸುಳ್ಳೂ ಹೊಳೆಯುವುದಿಲ್ಲ, ನಿಮಗೂ ಅನುಭವ ಇರಬೇಕು.

ಆ ಗಡಿಬಿಡಿಯಲ್ಲಿ ಓಣಿ ತಪ್ಪಿತು. ಅಗಲ ಹೊಟ್ಟೆಯ ವಿಮಾನಕ್ಕೆ ಓಣಿ ಎರಡು. ಮೂರು ಮೂರು ಸೀಟಿನ ಮೂರು ಗುಂಪು. ಹೋಗುವಾಗ ಮೂತಿಯ ಕಡೆ ಮುಖ, ಎಡಕ್ಕೆ ನನ್ನ ಸೀಟು. ಬರುವಾಗ ಬಾಲದ ಕಡೆ ಮುಖ. ನಾನು ಮಾತ್ರ ಎಡವನ್ನು ಬಿಡಲಿಲ್ಲ. ದೀಪ ಆರಿಸಿದ್ದರು. ಕಿಟಕಿಯ ಸೀಟು ಖಾಲಿ ಇತ್ತು. ಅನುಮಾನ ಬೇಡವೆಂದು ಹೊರಗೆ ಇಣುಕಿದೆ: ಎಂಜಿನ್ ಇದೆ! ಇಬ್ಬರ ಮಂಡಿ ತುಳಿದು ಒಳಹೊಕ್ಕು, ಚಪ್ಪಲಿ ಬಿಟ್ಟು, ಕಂಬಳಿ ಹೊದ್ದು, ಬಿಸ್ಕತ್ತಿನ ಪೊಟ್ಟಣ ಒಡೆದು ತಿಂದೆ. ಈ ವಿಮಾನಕ್ಕೆ ಎಂಜಿನ್ ಎರಡು ಎಂದು ಊರಿಗೆಲ್ಲ ಸಾರಿದವನು ಯಾರು? ನಾನೇ.

ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು ಬಂದು ತಮ್ಮ ಕಂಬಳಿಯನ್ನು, ಅದರೊಳಗಿದ್ದ ನನ್ನನ್ನು ನೋಡುತ್ತ ವಿನಯದಿಂದ ನಿಂತರು. ಬಾಯಲ್ಲಿ ಅವರದೇ ಬಿಸ್ಕತ್ತು. ಕ್ಷಮೆ ಕೇಳಲೂ ಜಾಗವಿಲ್ಲ. ಕತ್ತಲಲ್ಲೇ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿ ಓಡಿದೆ. ಬಲಗಾಲಿನದು ಯಾಕೋ ಬಿಗಿಯಾಗಿತ್ತು. ವಿಮಾನದಲ್ಲಿ ಕಾಲು ಊದುತ್ತದೆ ಎಂದೂ ಓದಿದ್ದೆನಲ್ಲ, ಸುಮ್ಮನಾದೆ.

ಇಳಿದ ಮೇಲೆ ಮಗ ತಬ್ಬಿಕೊಂಡು "ಹೇಗಿತ್ತು ವಿಮಾನ?" ಎಂದ. ನಾನು ಗಂಟಲು ಸರಿಮಾಡಿಕೊಂಡು, "ಫ್ಯಾನು 128 ಇಂಚು ನೋಡು..." ಎಂದು ಶುರುಮಾಡಿದೆ.

ಅವನು ಕೆಳಗೆ ನೋಡುತ್ತಿದ್ದ. "ಅದಿರ್ಲಿ ಅಪ್ಪ, ಬಲಗಾಲಲ್ಲಿ ಇರೋದು ಯಾರ ಚಪ್ಪಲಿ?"