ದೀಪ ಆರಿದ ಮೇಲಿನ ಕೋರ್ಟು

ಕಷ್ಟದಲ್ಲಿರುವವರಿಗೆ ಸಲಹೆ ಕೊಡುವವರ ಕಾಟವೂ ಒಂದು ಕಷ್ಟವೇ. ಕೆಲಸ ಹೋಗಿ ಮನೆಯಲ್ಲಿ ಕೂತವನ ಹತ್ತಿರ ಸೋದರಮಾವ ಬಂದು, "ದಿನಾ ರಾತ್ರಿ ಹತ್ತು ನಿಮಿಷ ನಿನ್ನನ್ನ ನೀನೇ ನೋಡ್ಕೋಬೇಕು ಕಣೋ" ಅಂತಾರೆ. ಅವರು ತಮ್ಮನ್ನು ತಾವು ನೋಡಿಕೊಳ್ಳುವುದು ಕ್ಷೌರದಂಗಡಿಯ ಕನ್ನಡಿಯಲ್ಲಿ ಮಾತ್ರ. ಫೋನಾದರೂ ಬಿಡುತ್ತದೆಯೇ? ರಾತ್ರಿ ಒಂಬತ್ತಕ್ಕೆ ಟಿಂಗ್ ಎಂದು, "ಇವತ್ತು ನಿಮ್ಮ ಮನಸ್ಸು ಹೇಗಿತ್ತು?" ಎಂದು ಕೇಳಿ, ಆರಿಸಿಕೊಳ್ಳಲು ಐದು ಮುಖ ಇಡುತ್ತದೆ. ಇಎಂಐ ಕಟ್ಟುವ ದಿನದ ಮುಖ ಆ ಐದರಲ್ಲಿ ಇರುವುದಿಲ್ಲ.

ಹಾಗಂತ ಸೋದರಮಾವ ಹೇಳಿದರು ಅನ್ನುವ ಒಂದೇ ಕಾರಣಕ್ಕೆ ಮಾತು ತಪ್ಪಾಗಬೇಕಿಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ತತ್ವಜ್ಞಾನಿ ಸೆನೆಕಾ ಇದನ್ನೇ ಮಾಡುತ್ತಿದ್ದ. ಉಂಡು ಕೂತವನ ವೇದಾಂತ ಅನ್ನಬೇಡಿ. ಕ್ರಿ.ಶ. 41ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಅವನನ್ನು ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದ. ಎಂಟು ವರ್ಷ ಅಲ್ಲೇ. ವಾಪಸ್ ಬಂದು ಪಾಠ ಹೇಳಿಕೊಟ್ಟದ್ದು ಯಾರಿಗೆ? ಮುಂದೆ ಚಕ್ರವರ್ತಿಯಾದ ನೀರೋಗೆ. 65ರಲ್ಲಿ ಆ ಶಿಷ್ಯೋತ್ತಮನೇ ಗುರುವಿಗೆ, ನೀನೇ ಪ್ರಾಣ ಕಳೆದುಕೋ ಎಂದು ಆಜ್ಞೆ ಕಳಿಸಿದ. ಫೀಸು ಬಾಕಿ ಎಂದು ಗೊಣಗುವ ಟ್ಯೂಷನ್ ಮೇಷ್ಟ್ರುಗಳು ಇದನ್ನೊಮ್ಮೆ ನೆನೆಯಬಹುದು.

ಸೆನೆಕಾ ಕೋಪದ ಮೇಲೆ ಮೂರು ಭಾಗದ ಪುಸ್ತಕ ಬರೆದ, ಅದೂ ಅಣ್ಣನಿಗೆ. ಅದರಲ್ಲಿ ತನ್ನ ರಾತ್ರಿಯ ರೂಢಿ ಹೇಳಿಕೊಂಡಿದ್ದಾನೆ. ಸೆಕ್ಸ್ಟಿಯಸ್ ಎಂಬ ಹಿರಿಯನನ್ನು ನೋಡಿ ಕಲಿತದ್ದು. ದೀಪ ಒಯ್ದ ಮೇಲೆ, ಇವನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ಕಟಕಟೆಗೆ ಹತ್ತಿಸಿ ವಿಚಾರಣೆ ಮಾಡುತ್ತಿದ್ದನಂತೆ.

ಹೆಂಡತಿ ಸುಮ್ಮನಾದ ಮೇಲೆ! ನಮ್ಮ ಗಾಡಿ ಇಲ್ಲಿಗೇ ನಿಂತುಹೋಗುತ್ತದೆ. ನಮ್ಮಲ್ಲಿ ದೀಪ ಆರುವುದೇ ಅಧಿವೇಶನ ಶುರುವಾಗುವುದಕ್ಕೆ. "ಗ್ಯಾಸ್ ಬುಕ್ ಮಾಡಿದ್ರಾ?" "ನಾಳೆ ನಿಮ್ಮಕ್ಕ ಬರ್ತಾರಂತೆ, ನನಗೊಂದು ಮಾತು ಹೇಳಿದ್ರಾ?" (ಸೆನೆಕಾನ ಹೆಂಡತಿ ತನ್ನ ದಿನದ ವಿಚಾರಣೆ ಯಾವಾಗ ಮಾಡುತ್ತಿದ್ದಳು ಎಂದು ಹೆಂಗಸರು ಕೇಳಬಹುದು. ಮಹಾಶಯ ಅದನ್ನು ಬರೆದಿಲ್ಲ. ಬಹುಶಃ ಇವನ ಗೊರಕೆ ಶುರುವಾದ ಮೇಲೆ.)

ಕಟಕಟೆ ಹತ್ತಿದ ಅಪರಾಧಗಳಾದರೂ ಎಂಥವು? ವಾದ ಮಾಡುವಾಗ ಬಿಸಿಯೇರಿದ್ದು. ಒಬ್ಬನಿಗೆ ಬುದ್ಧಿ ಹೇಳುವಾಗ ಖಾರ ಜಾಸ್ತಿಯಾಗಿ, ಅವನು ತಿದ್ದಿಕೊಳ್ಳುವ ಬದಲು ಮುನಿಸಿಕೊಂಡದ್ದು. ದೊಡ್ಡವರ ಮನೆಯ ಬಾಗಿಲು ಕಾಯುವವನು ಗೆಳೆಯನನ್ನು ಒಳಗೆ ಬಿಡಲಿಲ್ಲವೆಂದು ಸಿಟ್ಟಾದದ್ದು. ಎಲ್ಲಕ್ಕಿಂತ ರುಚಿಯಾದದ್ದು ಔತಣದ ಪ್ರಸಂಗ: ಕೆಳಗಿನ ಸಾಲಿನ ಜಾಗ ಕೊಟ್ಟರಲ್ಲ ಎಂದು ಕರೆದವನ ಮೇಲೂ ಕೋಪ, ಮೇಲಿನ ಜಾಗದಲ್ಲಿ ಕೂತವನ ಮೇಲೂ ಕೋಪ!

ಅಯ್ಯಾ ಸೆನೆಕಾ, ನೀನು ನಮ್ಮವನೇ ಕಣಯ್ಯಾ. ಬೀಗರ ಪಂಕ್ತಿಗೆ ಕರೆಯದೆ ಮೂರನೇ ಪಂಕ್ತಿಯ ಕೊನೆಯ ಎಲೆಗೆ ಕೂರಿಸಿದರು, ಹೋಳಿಗೆ ಬರುವಷ್ಟರಲ್ಲಿ ತುಪ್ಪದವನು ಹೊರಟೇಹೋಗಿದ್ದ, ಅಷ್ಟಕ್ಕೇ ವರ್ಷಗಟ್ಟಲೆ ಮಾತು ಬಿಟ್ಟ ಷಡ್ಡಕರು ಯಾರ ಮನೆಯಲ್ಲಿಲ್ಲ? ಆ ಮದುವೆಯ ಹುಡುಗ-ಹುಡುಗಿಗೆ ಮಕ್ಕಳಾಗಿ ಅವು ಸ್ಕೂಲಿಗೆ ಹೋಗುತ್ತಿರುತ್ತವೆ. ತುಪ್ಪ ಮಾತ್ರ ಇನ್ನೂ ಕಾಯುತ್ತಲೇ ಇರುತ್ತದೆ.

ತಮಾಷೆ ಇರಲಿ. ಚಕ್ರವರ್ತಿಗೆ ಕೆಟ್ಟ ಕನಸು ಬಿದ್ದರೆ ಬೆಳಿಗ್ಗೆ ತಲೆ ಉರುಳುವ ಊರಿನವನು ರಾತ್ರಿಯ ಲೆಕ್ಕಕ್ಕೆ ಇಷ್ಟು ಚಿಲ್ಲರೆ ಸಂಗತಿಗಳನ್ನೇ ಹಿಡಿದನಲ್ಲ, ಅದೇ ಅವನ ಜಾಣತನ ಅಂತೀನಿ. ರಾತ್ರಿ ಹತ್ತೂವರೆಗೆ ಕ್ಲಾಡಿಯಸ್‌ನನ್ನು ಏನು ಮಾಡಲಾದೀತು? ಬಾಗಿಲವನ ಮೇಲೆ ಕೂಗಾಡುವುದನ್ನು ನಾಳೆಯಿಂದ ಬಿಡಬಹುದು. ನಮ್ಮದು ಉಲ್ಟಾ. ಮಗಳ ಸೀಟು, ಕಂಪನಿ ಮುಚ್ಚುವ ಸುದ್ದಿ, ಚಿನ್ನದ ರೇಟು ಎಲ್ಲವನ್ನೂ ಹಾಸಿಗೆಗೆ ಕರೆತಂದು, ಒಂದಕ್ಕೂ ತೀರ್ಪು ಕೊಡದೆ, ಮೂರು ಗಂಟೆಗೆದ್ದು ನೀರು ಕುಡಿಯುತ್ತೇವೆ. ಸೆನೆಕಾನ ಕೋರ್ಟಿನಲ್ಲಿ ವಾಯಿದೆಯ ಮಾತೇ ಇಲ್ಲ. ಮತ್ತೆ ಹೀಗೆ ಮಾಡಬೇಡ, ಈ ಸಲ ಬಿಟ್ಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡರೆ ಕೇಸು ಖುಲಾಸೆ. ಆಮೇಲೆ ಬರುವ ನಿದ್ದೆಯನ್ನೂ ಅವನು ಹೊಗಳಿಕೊಂಡಿದ್ದಾನೆ.

ಮುಂದಿನ ಶತಮಾನದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕತೆಯೂ ಅಷ್ಟೇ. ಪೂರ್ವದಿಂದ ಸೈನ್ಯದ ಜೊತೆ ಬಂದ ಸಾಂಕ್ರಾಮಿಕ ಒಂದು ಕಡೆ, ಡ್ಯಾನ್ಯೂಬ್ ದಂಡೆಯ ಯುದ್ಧ ಇನ್ನೊಂದು ಕಡೆ. ದಂಡಿನಲ್ಲಿದ್ದುಕೊಂಡು ಅವನು ತನಗೆಂದೇ ಗ್ರೀಕ್‌ನಲ್ಲಿ ಬರೆದುಕೊಂಡ ಟಿಪ್ಪಣಿಗಳ ಒಂದು ಭಾಗ ಶುರುವಾಗುವುದು ಎಲ್ಲಿಂದ ಗೊತ್ತೇ? ಬೆಳಿಗ್ಗೆ ಬೆಚ್ಚಗಿನ ಹೊದಿಕೆ ಬಿಟ್ಟು ಏಳಲು ಮನಸ್ಸಿಲ್ಲ ಅನ್ನುವ ತಕರಾರಿನಿಂದ.

ದೊಡ್ಡ ದುಃಖವನ್ನೇ ಎದುರಿಗೆ ಕೂರಿಸಿಕೊಳ್ಳುತ್ತೇನೆ ಅನ್ನುವವರಿಗೂ ಒಂದು ದಾರಿಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಂದ ಮನಸ್ಸಿಗೆ ಬಿದ್ದ ಪೆಟ್ಟಿನ ಬಗ್ಗೆ ಬರೆಸಿದರು: ದಿನಕ್ಕೆ 15 ನಿಮಿಷ, 4 ದಿನ. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಾಗಿಲು ತಟ್ಟಿದ್ದು ಕಡಿಮೆ. ಬರೆದ ಕೂಡಲೇ ಮಾತ್ರ ಮನಸ್ಸು ಇನ್ನಷ್ಟು ಭಾರವೇ ಆಗಿತ್ತು. ಅಲ್ಲೂ ಗಡಿಯಾರ ಇತ್ತು ಅನ್ನುವುದನ್ನು ಗಮನಿಸಿ. ನಮ್ಮ ಮೂರು ಗಂಟೆಯ ವಿಚಾರಣೆಗೆ ಗಡಿಯಾರವೇ ಇಲ್ಲ.

ಹೀಗೆ ತನ್ನ ಲೆಕ್ಕ ತಾನೇ ಇಡುವವರಲ್ಲಿ ಅತಿ ಉತ್ಸಾಹಿ ಅಂದರೆ ಹದಿನೆಂಟನೇ ಶತಮಾನದ ಅಮೆರಿಕದ, ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್. 13 ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರ ಸಾಧನೆಗೆ ಕೂತ. ತಪ್ಪಿದಲ್ಲೆಲ್ಲ ಕಪ್ಪು ಚುಕ್ಕೆ. ಹಳೆಯ ಚುಕ್ಕೆ ಕೆರೆದು ಹೊಸ ತಪ್ಪಿಗೆ ಜಾಗ ಮಾಡಿ ಮಾಡಿ ಪುಸ್ತಕವೇ ತೂತು ಬಿತ್ತು! ಆಮೇಲೆ ದಂತದ ಹಾಳೆ ತಂದ. ಒದ್ದೆ ಸ್ಪಂಜಿನಿಂದ ಒರೆಸಿದರೆ ಮುಗಿಯಿತು. ಇಷ್ಟಾಗಿಯೂ ಸಾಮಾನನ್ನು ಜಾಗದಲ್ಲಿಡುವ ಅಚ್ಚುಕಟ್ಟು ಕೊನೆತನಕ ಬರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಇನ್ನು ಆ ಹದಿಮೂರನೆಯ ಗುಣ, ವಿನಯ, ಮೊದಲು ಪಟ್ಟಿಯಲ್ಲೇ ಇರಲಿಲ್ಲ. ಕ್ವೇಕರ್ ಪಂಥದ ಗೆಳೆಯನೊಬ್ಬ, ನಿನಗೆ ಜಂಬ ಜಾಸ್ತಿ ಅಂತಾರಪ್ಪ ಎಂದು ತಿಳಿಸಿದ ಮೇಲೆ ಸೇರಿದ್ದು.

ನಿಮ್ಮ ಪಟ್ಟಿಯ ಹದಿಮೂರನೆಯದು ಯಾವುದೆಂದು ತಿಳಿಯಲು ಫಿಲಡೆಲ್ಫಿಯಾದವರೆಗೆ ಹೋಗಬೇಕಾಗಿಲ್ಲ. ಮಾತು ಬಿಟ್ಟಿರುವ ಆ ಷಡ್ಡಕರಿಗೆ ಒಂದು ಫೋನ್ ಮಾಡಿ. ಹದಿನಾಲ್ಕು, ಹದಿನೈದನ್ನೂ ಸೇರಿಸಿ ಹೇಳುತ್ತಾರೆ.