ರಾಯರೂ ನಾಲ್ಕನೇ ಸಿಲಿಂಡರೂ

ರಾಯರಂಥವರು ಪ್ರತಿ ಕನ್ನಡ ಕೂಟದಲ್ಲೂ ಒಬ್ಬರಿರುತ್ತಾರೆ. ಕೆಟ್ಟದ್ದನ್ನು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಆದರೆ ಆ ಕೈ ಹೋಗುವುದು ಕೆಟ್ಟ ಜಾಗಕ್ಕಲ್ಲ, ಎಟುಕುವ ಜಾಗಕ್ಕೆ. ರಾಜ್ಯೋತ್ಸವದ ದಿನ ಮೈಕು ಕೀಂಗುಟ್ಟಿದರೆ ರಾಯರು ಮೈಕಿನ ಬ್ಯಾಟರಿ ಬದಲಿಸುತ್ತಾರೆ. ಆಮೇಲೆ ಮೈಕನ್ನೇ ಬದಲಿಸುತ್ತಾರೆ. ಆಮೇಲೆ ನಿರೂಪಕಿಯನ್ನು ಬದಲಿಸಬಹುದೇ ಎಂದು ಅಧ್ಯಕ್ಷರ ಕಿವಿಯಲ್ಲಿ ಕೇಳುತ್ತಾರೆ. ಮೈಕಿಗೆ ಮುಖ ಮಾಡಿ ನಿಂತ ಸ್ಪೀಕರನ್ನು ಮಾತ್ರ ತಿರುಗಿಸುವುದಿಲ್ಲ. ಅದು ಎತ್ತರದಲ್ಲಿದೆ, ಏಣಿ ತರಬೇಕು.

ಇಂಥ ರಾಯರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 30 ಅಡಿ ಉದ್ದದ ಹಳೆಯ ಮೋಟರ್‌ಹೋಮ್ ಕೊಂಡರು. ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಒಳಗೇ. ಮೈಸೂರಿನಿಂದ ಬಂದ ಅವರ ಅತ್ತೆ ಒಂದು ಸುತ್ತು ತಿರುಗಿ ನೋಡಿ, "ಎಲ್ಲ ಸರಿ, ದೇವರಮನೆ ಎಲ್ಲಪ್ಪ?" ಎಂದು ಕೇಳಿ, ಡ್ಯಾಶ್‌ಬೋರ್ಡಿನ ಮೇಲೊಬ್ಬ ಗಣಪನನ್ನು ಕೂರಿಸಿದರು. ಎಂಜಿನ್ನು ಫೋರ್ಡಿನ 6.8 ಲೀಟರಿನ ವಿ10, ಎಂದರೆ ಹತ್ತು ಸಿಲಿಂಡರಿನದು. ಊರಿನ ನೆಂಟರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಮೈಲೇಜ್ ಎಷ್ಟು ಕೊಡತ್ತೆ?" ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ ಪುಣ್ಯ. ರಾಯರು ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ಗ್ರ್ಯಾಂಡ್ ಕ್ಯಾನಿಯನ್ನಿನ ಫೋಟೊ ಕಳಿಸುತ್ತಾರೆ.

ತೊಂದರೆ ಕಾಣಿಸಿಕೊಂಡದ್ದು ಸೆಕ್ವೋಯ ಮರಗಳನ್ನು ನೋಡಿಕೊಂಡು ವಾಪಸಾಗುವಾಗ. ಆ ದಾರಿಯಲ್ಲಿ ಇಂಟರ್‌ಸ್ಟೇಟ್ 5 ಹೆದ್ದಾರಿ ಬಯಲು ಬಿಟ್ಟು ಒಮ್ಮೆಗೇ ಬೆಟ್ಟ ಹತ್ತುತ್ತದೆ. ಅಲ್ಲಿನ ಟೆಜಾನ್ ಪಾಸಿನ ನೆತ್ತಿ 4,000 ಅಡಿಗಿಂತ ಎತ್ತರದಲ್ಲಿದೆ. "ಆಗುಂಬೆ ಘಾಟಿ ಹತ್ತಿದೋನು ನಾನು" ಎಂದು ರಾಯರು ಆಕ್ಸಲರೇಟರ್ ತುಳಿದರು. ಆಗುಂಬೆ ಹತ್ತಿದ್ದು ನಿಜ, ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತ. ಅರ್ಧ ಏರಿನಲ್ಲಿ ಗಾಡಿ ಜಗ್ಗತೊಡಗಿತು. ಚೆಕ್ ಎಂಜಿನ್ ದೀಪ ಮಿನುಗಿತು. ಆ ದೀಪ ಸುಮ್ಮನೆ ಉರಿದರೆ ಬಿಡುವಾದಾಗ ನೋಡಿಕೊಳ್ಳಬಹುದು. ಮಿನುಗಿದರೆ ಮಾತ್ರ ತಕ್ಷಣ ಕಾಲು ಸಡಿಲಿಸಬೇಕು, ಇಲ್ಲವಾದರೆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟುಬಿಡುತ್ತದೆ. ಇದು ರಾಯರಿಗೆ ಗೊತ್ತಿತ್ತು. ಹೆಂಡತಿಗೆ ದೀಪ ಕಾಣದಂತೆ ಬಲಗೈ ಅಡ್ಡ ಇಟ್ಟುಕೊಂಡು ಹೇಗೋ ನೆತ್ತಿ ಮುಟ್ಟಿಸಿದರು.

ಗಾಡಿ ಹೀಗೆ ಜಗ್ಗುವುದನ್ನೇ ನಮ್ಮೂರ ಗ್ಯಾರೇಜಿನವರು "ಮಿಸ್ಸಿಂಗ್ ಹೊಡೀತಿದೆ" ಎನ್ನುತ್ತಾರೆ. ಒಂದೇ ಸಿಲಿಂಡರಿನ ಸ್ಕೂಟರಾದರೆ ಮಿಸ್ಸಿಂಗ್ ಹೊಡೆದ ಕೂಡಲೇ ದಾರಿಯಲ್ಲಿ ನಿಂತು ಮರ್ಯಾದೆ ಕಳೆಯುತ್ತದೆ. ಹತ್ತು ಸಿಲಿಂಡರಿನ ಕಥೆ ಬೇರೆ. ಉತ್ಸವದ ಪಲ್ಲಕ್ಕಿಗೆ ಹೆಗಲು ಕೊಟ್ಟ ಹತ್ತು ಜನರಲ್ಲಿ ಒಬ್ಬ ಹೆಗಲು ತಪ್ಪಿಸಿದರೆ ಸಮತಟ್ಟು ಬೀದಿಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಬೆಟ್ಟದ ಮೆಟ್ಟಿಲು ಬಂದಾಗ ದೇವರೇ ಓಲಾಡುತ್ತಾನೆ. ಹಾಗಾಗಿ ಮಿಸ್ಸಿಂಗಿನ ಬಗ್ಗೆ ಕಲ್ಪನೆ ಬೆಳೆಸಲು ರಾಯರಿಗೆ ಬೇಕಾದಷ್ಟು ಸಮತಟ್ಟು ರಸ್ತೆ ಸಿಕ್ಕಿತು.

ಕ್ಯಾಂಪ್‌ಗ್ರೌಂಡ್ ಸೇರಿದ ಮೇಲೆ ಸ್ಕ್ಯಾನರ್ ಚುಚ್ಚಿದರು. ಪಿ0304 ಎಂಬ ಕೋಡು ಬಂತು. ಪಿ0300 ಬಂದಿದ್ದರೆ ಮಿಸ್ಸಿಂಗ್ ಎಲ್ಲೋ ಇದೆ, ಎಲ್ಲಿ ಎಂದು ಹೇಳಲಾರೆ ಎಂದರ್ಥ. ಕೊನೆಯಲ್ಲಿ 4 ಇದ್ದರೆ ನಾಲ್ಕನೇ ಸಿಲಿಂಡರು ಎಂದೇ ಅರ್ಥ. ಗಾಡಿಯೇ ಬಾಯಿಬಿಟ್ಟು ಹೇಳಿತ್ತು. ಈ ಗಾಡಿಯ ಎಂಜಿನ್ನಿಗೆ ಕೈಹಾಕಲು ಹೊರಗೆ ಹೋಗಬೇಕಿಲ್ಲ. ಎರಡು ಸೀಟುಗಳ ನಡುವಿನ ಮುಚ್ಚಳ ತೆಗೆದರೆ ಎಂಜಿನ್ನು ಮನೆಯೊಳಗೇ ಕಾಣುತ್ತದೆ. ರಾಯರು ತಮ್ಮ ಸೀಟಿನ ಕಡೆಯ ಸಾಲನ್ನು ಮುಂದಿನಿಂದ ಒಂದು, ಎರಡು ಎಂದು ಎಣಿಸಿ ನಾಲ್ಕನೆಯದಕ್ಕೆ ಕೈಯಿಟ್ಟರು. ಫೋರ್ಡಿನವರ ಲೆಕ್ಕವೇ ಬೇರೆ. ಒಂದರಿಂದ ಐದರವರೆಗೆ ಪಕ್ಕದ ಸೀಟಿನ ಕಡೆ, ಆರರಿಂದ ಹತ್ತರವರೆಗೆ ಡ್ರೈವರ್ ಕಡೆ. ರಾಯರು ಹಿಡಿದುಕೊಂಡದ್ದು ಯಾವ ಪಾಪವನ್ನೂ ಅರಿಯದ ಒಂಬತ್ತನೆಯದನ್ನು.

ಪರೀಕ್ಷೆಯ ಕ್ರಮ ಮಾತ್ರ ಅವರಿಗೆ ಬಾಯಿಪಾಠವಾಗಿತ್ತು. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಇರುತ್ತದೆ. ಅನುಮಾನದ ಕಾಯಿಲನ್ನು ಬಿಚ್ಚಿ ಪಕ್ಕದ ಸಿಲಿಂಡರಿಗೆ ಹಾಕಬೇಕು. ಕೋಡು ಅದರ ಹಿಂದೆಯೇ ಹೋದರೆ ಕಾಯಿಲ್ ಕೆಟ್ಟಿದೆ, ಹೋಗದಿದ್ದರೆ ದೋಷ ಬೇರೆ ಕಡೆ. ರಾಯರು ಒಂಬತ್ತನ್ನೂ ಎಂಟನ್ನೂ ಅದಲುಬದಲು ಮಾಡಿದರು. ಕೋಡು ನಾಲ್ಕರಲ್ಲೇ ಕೂತಿತ್ತು. "ಕಾಯಿಲ್ ನಿರ್ದೋಷಿ" ಎಂದು ತೀರ್ಪು ಕೊಟ್ಟು, ಆದರೂ ಇರಲಿ ಎಂದು ಹತ್ತು ಹೊಸ ಕಾಯಿಲ್ ತರಿಸಿದರು.

ಮಿಸ್ಸಿಂಗಿಗೆ ಮೂಲ ಕಾರಣ ಮೂರು: ಕಿಡಿ ಇಲ್ಲ, ಪೆಟ್ರೋಲಿಲ್ಲ, ಕಂಪ್ರೆಷನ್ನಿಲ್ಲ. ರಾಯರ ಶಾಸ್ತ್ರದಲ್ಲಿ ಕಾರಣ ಒಂದೇ, ಮುಂದಿನ ಪಾರ್ಸೆಲ್ ಇನ್ನೂ ಬಂದಿಲ್ಲ. ಪ್ಲಗ್ ಬಂತು, ಫ್ಯೂಯೆಲ್ ಫಿಲ್ಟರ್ ಬಂತು, ಗಾಳಿ ಅಳೆಯುವ ಸೆನ್ಸರ್ ಬಂತು, ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಂತು. ದೋಸೆ ಹೆಂಚಿನ ಪಕ್ಕ ಪ್ಲಗ್ಗುಗಳು ಸಾಲಾಗಿ ಮಲಗಿದವು. ಕಾಯಿಲಿನ ರಬ್ಬರಿಗೆ ಹಚ್ಚುವ ಬಿಳಿ ಗ್ರೀಸಿನ ಟ್ಯೂಬು ಟೂತ್‌ಪೇಸ್ಟಿನ ಜಾಗಕ್ಕೆ ಬಂದಿರುವುದನ್ನು ಅತ್ತೆಯವರು ಒಂದು ಬೆಳಗ್ಗೆ ಹಲ್ಲಿನಿಂದಲೇ ಕಂಡುಹಿಡಿದರು. ಬಾಯಿ ಮುಕ್ಕಳಿಸಿ ಬಂದು, "ನನ್ನ ಹೂಬತ್ತಿ ಕಟ್ಟೂ ಕಾಣ್ತಿಲ್ಲ, ಅದನ್ನೂ ಎಂಜಿನ್ನಿಗೇ ಹಾಕಿಬಿಟ್ರಾ?" ಎಂದು ಕೇಳಿದರು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹತ್ತು ಪ್ಲಗ್, ಹತ್ತು ಕಾಯಿಲ್ ತರಿಸಿದರೂ ರಾಯರು ಹಾಕಿದ್ದು ತಮ್ಮ ಕಡೆಯ ಐದೈದನ್ನು ಮಾತ್ರ. ಆ ಕಡೆಗೆ ಹೋಗಬೇಕಾದರೆ ಹೆಂಡತಿಯನ್ನು ಸೀಟಿನಿಂದ ಏಳಿಸಬೇಕು. ಆಮೇಲೆ ಸೀಟಿನ ಸುತ್ತ ಇರುವ ಉಪ್ಪಿನಕಾಯಿ ಜಾಡಿ, ಚಕ್ಕುಲಿ ಡಬ್ಬ, ಚಟ್ನಿಪುಡಿ ಬುಟ್ಟಿಗಳನ್ನು ಅವರ ಅಪ್ಪಣೆ ಪಡೆದು ಸರಿಸಬೇಕು. "ಆ ಕಡೇದೆಲ್ಲ ಚೆನ್ನಾಗೇ ಇದೆ" ಎಂದು ಉಳಿದವನ್ನು ಸ್ಪೇರ್ ಎಂದು ಎತ್ತಿಟ್ಟರು. ಆಮೇಲೆ ಸ್ಕ್ಯಾನರಿನಲ್ಲಿ ಕೋಡು ಅಳಿಸಿ "ಸರಿಹೋಯ್ತು" ಎಂದು ಸಾರಿದರು. ಮುಂದಿನ ಏರಿನಲ್ಲಿ ಅದು ಮತ್ತೆ ಹಾಜರಾಯಿತು.

ಕೊನೆಗೆ ಕ್ಯಾಂಪ್‌ಗ್ರೌಂಡಿಗೇ ಬಂದು ರಿಪೇರಿ ಮಾಡುವ ಮೆಕ್ಯಾನಿಕ್ಕನ್ನು ಕರೆಸಿದ್ದು ರಾಯರ ಹೆಂಡತಿ. ಆತ ರಾಯರ ಪಾರ್ಸೆಲ್ ಪುರಾಣವನ್ನು ಪೂರ್ತಿ ಕೇಳಿಸಿಕೊಂಡು, ಈ ಕಡೆ ಏನೇನು ಮಾಡಿದ್ದೀರಿ ಎಂದು ಆಚೆ ಸೀಟು ತೋರಿಸಿದ. ರಾಯರು ಏನನ್ನೂ ಮುಟ್ಟಿಲ್ಲ ಎಂದರು. ಹೆಂಡತಿ ತಾವಾಗಿ ಎದ್ದು ಜಾಡಿ ಸರಿಸಿದರು. ಆತ ಟಾರ್ಚು ಬಿಟ್ಟು ಬಗ್ಗಿ ನೋಡಿದ. ನಾಲ್ಕನೇ ಕಾಯಿಲಿಗೆ ಹೋಗುವ ವೈರಿನ ಹೊದಿಕೆ ಹೋಗಿ, ತಾಮ್ರದ ಎಳೆಗಳು ಒಂದೆರಡು ಮಾತ್ರ ಹಿಡಿದುಕೊಂಡಿದ್ದವು. ಪಕ್ಕದಲ್ಲೇ ಸೀಟಿನ ಸ್ಪಂಜು ಮತ್ತು ಬೆಳ್ಳಗಿನ ಹೂಬತ್ತಿಗಳಿಂದ ಮಾಡಿದ ಮೆತ್ತನೆಯ ಗೂಡು. ಮನೆ ಮುಂದೆ ಮೋಟರ್‌ಹೋಮ್ ನಿಲ್ಲಿಸಲು ಬಡಾವಣೆಯ ಸಂಘ ಒಪ್ಪದ ಕಾರಣ, ಚಳಿಗಾಲವಿಡೀ ಅದು ಊರ ಹೊರಗಿನ ಸ್ಟೋರೇಜ್ ಯಾರ್ಡಿನಲ್ಲಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಗಣಪ ಕೂತ ಮೇಲೆ ಅವನ ವಾಹನಕ್ಕೂ ಪಾರ್ಕಿಂಗ್ ಬೇಕಲ್ಲ!

ಆತ ವೈರು ಜೋಡಿಸಿ, ಮೇಲೆ ಪ್ಲಾಸ್ಟಿಕ್ ಕೊಳವೆ ಹಾಕಿ ಬಿಸಿಮಾಡಿ ಬಿಗಿಮಾಡಿದ. ಗಾಡಿ ಏರು ಹತ್ತಿತು, ದೀಪ ಮಿನುಗಲಿಲ್ಲ. ರಾಯರ ಮುಖ ಮಾತ್ರ ಸಪ್ಪಗಿತ್ತು. ಅಷ್ಟು ದೊಡ್ಡ ಎಂಜಿನ್ನಿಗೆ ಅಷ್ಟು ಚಿಕ್ಕ ಕಾಯಿಲೆ, ಅದೂ ಪಾರ್ಸೆಲ್ಲಿನಲ್ಲಿ ಬರದಂಥದ್ದು!

ಸಪ್ಪಗಿದ್ದದ್ದು ಮುಂದಿನ ಕೂಟದ ಸಭೆಯವರೆಗೆ ಅಷ್ಟೆ. ಊಟದ ಸಾಲಿನಲ್ಲಿ ರಾಯರು ಕಥೆ ಹೇಳುತ್ತಿದ್ದರು. "ಎಲ್ಲಾ ಪರೀಕ್ಷೆ ಮಾಡಿ, ದೋಷ ಈ ಕಡೆ ಇಲ್ಲ ಅಂತ ಖಚಿತ ಮಾಡಿಕೊಟ್ಟಿದ್ದು ನಾನು. ಅವನು ಬಂದು ಆ ಕಡೆ ನೋಡಿದ, ಅಷ್ಟೇ."

ಪಕ್ಕದಲ್ಲಿ ಕೋಸಂಬರಿ ಹಾಕಿಸಿಕೊಳ್ಳುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಹೌದೂರೀ, ಇಲೀಗೂ ನಿಮ್ಮ ಮೇಲೆ ಅಷ್ಟೇ ಭರವಸೆ. ನೀವು ಯಾವತ್ತೂ ಕೈ ಹಾಕದ ಜಾಗ ನೋಡಿಕೊಂಡೇ ಸಂಸಾರ ಹೂಡಿತ್ತು."